ಮಲ್ಪೆಯಲ್ಲಿ ಎರಡು ರಾತ್ರಿ

ದ್ವೀಪ ಎಂದೊಡನೆ ನಮ್ಮ ಹುಡುಗರಿಗೆ ನೆನಪಾಗುವುದು ಅಂಡಮಾನ್, ಇಲ್ಲವೇ ಕ್ರಿಕೆಟ್ಟಿನ ದೆಸೆಯಿಂದ ವೆಸ್ಟ್ ಇಂಡೀಸ್. ಆದರೆ ಶಿಕಾರಿಪುರದಿಂದ ಬೆಳಿಗ್ಗೆ ಹೊರಟು ತೀರ್ಥಹಳ್ಳಿಯ ಮೇಲೆ ಆಗುಂಬೆ ಘಾಟಿ ಇಳಿದರೆ ಸಂಜೆಯೊಳಗೆ ಮಲ್ಪೆ. ಸೊರಬದವರಿಗೆ ಸಾಗರ, ಹೊಸನಗರ, ಹುಲಿಕಲ್ ಘಾಟಿಯ ದಾರಿಯಿದೆ. ಅಲ್ಲಿಂದ ಆರು ಕಿಲೋಮೀಟರ್ ಕಡಲೊಳಗಿದೆ ಸೇಂಟ್ ಮೇರೀಸ್ ದ್ವೀಪ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟನೆಂಬುದು ಪ್ರತೀತಿ.

1998ರಲ್ಲಿ ಶಾಲಾ ಪ್ರವಾಸದ ಮಕ್ಕಳೊಡನೆ ಹೋಗಿದ್ದಾಗ ದ್ವೀಪಕ್ಕೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಶೃಂಗೇರಿ, ಧರ್ಮಸ್ಥಳ, ಉಡುಪಿ ಎಲ್ಲವೂ ಎರಡು ದಿನಗಳಲ್ಲಿ ಮುಗಿಯಬೇಕಿತ್ತು! ಕಳೆದ ಜನವರಿಯಲ್ಲಿ ಪತ್ನಿಯೊಡನೆ ಮತ್ತೆ ಹೋದೆ. ಕಡಲಂಚಿನ ಪುಟ್ಟ ವಸತಿಗೃಹವೊಂದರಲ್ಲಿ ಎರಡು ರಾತ್ರಿ ತಂಗಿದೆವು. ನಾಲ್ಕೇ ಕೋಣೆ, ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ರಾತ್ರಿಯಿಡೀ ಅಲೆಗಳ ಸದ್ದು.

ಮರುದಿನ ಮೊದಲ ದೋಣಿ ಹತ್ತಿದೆವು. ಸಮುದ್ರ ಇಳಿತದಲ್ಲಿತ್ತು. ನೀರು ಸರಿದಂತೆ ಕಲ್ಲಿನ ಕಂಬಗಳು ಬುಡದವರೆಗೂ ಕಾಣತೊಡಗಿದವು. ಕೆಲವು ಮಂಡಿಯೆತ್ತರ, ಕೆಲವು ಆಳೆತ್ತರ. ಐದು, ಆರು, ಏಳು ಮುಖಗಳು, ಶಿಲ್ಪಿ ಕಡೆದಿಟ್ಟಂತೆ. ಇವು ಲಾವಾ ತಣ್ಣಗಾಗಿ ಆದ ಕಂಬಗಳು. ಬೇಸಿಗೆಯಲ್ಲಿ ಅಂಜನಾಪುರ ಜಲಾಶಯದ ಅಂಚಿನ ಕೆಸರು ಒಣಗಿ, ಕುಗ್ಗಿ, ಬಹುಭುಜಗಳಾಗಿ ಬಿರಿಯುವುದನ್ನು ನಮ್ಮ ಮಕ್ಕಳು ನೋಡಿದ್ದಾರೆ. ಕೆಸರು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಶಾಖ ಕಳೆದುಕೊಂಡು. ತಂಪು ಒಳಕ್ಕಿಳಿದಂತೆ ಬಿರುಕೂ ಇಳಿಯುತ್ತದೆ, ಕಂಬವಾಗುತ್ತದೆ. ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬೇರ್ಪಡುತ್ತಿದ್ದ ಕಾಲದ ಬೆಂಕಿ ಇದು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರಿನಲ್ಲೂ ಇವೆ. ಪಠ್ಯಪುಸ್ತಕದ ಎರಡು ಸಾಲು ಇಲ್ಲಿ ಕೈಗೆ ತಾಗುತ್ತದೆ.

ಆದರೆ ಪೋಷಕರ ಅಳುಕು ಬೇರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಮೇಲೆ ಎಷ್ಟೋ ತಾಯಂದಿರು ನನ್ನನ್ನು ಕೇಳಿದ್ದಾರೆ: "ಸಮುದ್ರಕ್ಕೆ ಕಳಿಸ್ಬಹುದಾ ಸಾರ್?" ಈ ಪ್ರಶ್ನೆಯನ್ನು ವಸತಿಗೃಹದ ಯಜಮಾನರ ಮುಂದಿಟ್ಟೆ. ವಯಸ್ಸಾದವರು, ಹಿಂದೆ ಮೀನುಗಾರಿಕೆ ಮಾಡಿದವರು. "ನೋಡ್ಲಿಕ್ಕೆ ಕರ್ಕೊಂಡು ಬನ್ನಿ ಮಾಷ್ಟ್ರೇ. ಇಳಿಸುದು ಬೇಡ, ಎಳೀತದೆ" ಎಂದರು. ಅಲೆ ಮುರಿಯದೆ ಸಮತಟ್ಟಾಗಿ ಕಾಣುತ್ತಿದ್ದ ಒಂದು ಪಟ್ಟೆಯನ್ನು ಬೆರಳು ಮಾಡಿ ತೋರಿಸಿದರು.

ಅಲೆಗಳು ದಡಕ್ಕೆ ತಂದ ನೀರು ಹಿಂತಿರುಗುವ ಓಣಿ ಅದು. ಶಾಂತವಾಗಿ ಕಾಣುವುದರಿಂದಲೇ ಮಕ್ಕಳು ಅಲ್ಲಿ ಇಳಿಯುತ್ತಾರೆ. ಕುಮುದ್ವತಿಯಲ್ಲೋ ವರದೆಯಲ್ಲೋ ಈಜು ಕಲಿತ ಹುಡುಗನಿಗೆ ಹರಿವು ದಡದ ಗುಂಟ ಸಾಗುವುದು ಗೊತ್ತು. ಇಲ್ಲಿ ಅದು ದಡ ಬಿಟ್ಟು ಒಳಕ್ಕೆ ಹೋಗುತ್ತದೆ. ಅದಕ್ಕೆದುರಾಗಿ ಈಜಿದವನು ದಣಿಯುತ್ತಾನೆ. ಸಿಕ್ಕಿಕೊಂಡರೆ ದಡಕ್ಕೆ ಸಮಾನಾಂತರವಾಗಿ ಸರಿದು ಓಣಿಯಿಂದ ಹೊರಬರಬೇಕು. ಪ್ರವಾಸಕ್ಕೆ ಮುನ್ನ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಲು ಹತ್ತು ನಿಮಿಷ ಸಾಕು. ಆ ತಾಯಂದಿರಿಗೆ ನಾನೀಗ ಹೇಳುವುದು: ಕಳಿಸಿ, ಆದರೆ ನೀರಿಗೆ ಇಳಿಸುವುದಿಲ್ಲವೆಂದು ಶಾಲೆಯಿಂದ ಮಾತು ಪಡೆಯಿರಿ.

ದ್ವೀಪದಲ್ಲಿ ತಂಗುವ ವ್ಯವಸ್ಥೆ ಇಲ್ಲ. ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಭಾನುವಾರ ಜನಜಂಗುಳಿ, ವಾರದ ದಿನ ಹೋಗುವುದು ಮೇಲು. ಇಳಿತದ ಹೊತ್ತನ್ನು ಮಲ್ಪೆಯ ಮೀನುಗಾರರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.