ಚೌಕಿಯ ಬೆಳಕಿಗೊಂದು ಲೆನ್ಸು

ಮೊದಲ ಡಿಎಸ್‌ಎಲ್‌ಆರ್ ಕೊಳ್ಳಲು ಹೊರಟವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ: ಕ್ಯಾನನ್ ಒಳ್ಳೆಯದೋ, ನಿಕಾನ್ ಒಳ್ಳೆಯದೋ? ನಾನು ತಿರುಗಿ ಕೇಳುವುದೂ ಒಂದೇ. ನಿಮಗೆ ಯಾವುದರ ಚಿತ್ರ ತೆಗೆಯುವ ಆಸೆಯೋ, ಅದು ಇರುವಲ್ಲಿ ಬೆಳಕು ಎಷ್ಟಿರುತ್ತದೆ? ಮೆಗಾಪಿಕ್ಸೆಲ್ಲು, ವೈಫೈ, ವಿಡಿಯೋ, ವಾರಂಟಿ ಅಂತ ತಿಂಗಳುಗಟ್ಟಲೆ ಓದಿಕೊಂಡು ಬಂದವರೂ ಇಲ್ಲಿ ಸ್ವಲ್ಪ ತಡವರಿಸುತ್ತಾರೆ. ನಮ್ಮ ಬದುಕಿನ ಚಂದದ ಸಂಗತಿಗಳು ಬಹಳಷ್ಟು ನಡೆಯುವುದು ಮಬ್ಬು ಬೆಳಕಿನಲ್ಲಿ. ಅಜ್ಜಿ ದೋಸೆ ಹುಯ್ಯುವ ಅಡುಗೆಮನೆ, ಹಳೇಬೀಡಿನ ಗುಡಿಯ ಒಳಗಿನ ನವರಂಗ, ಜಡಿಮಳೆಯ ದಿನದ ಜಗಲಿ, ಮದುವೆಯ ಹಿಂದಿನ ರಾತ್ರಿ ಸಾಲಾಗಿ ಕೂತು ತರಕಾರಿ ಹೆಚ್ಚುವ ನೆಂಟರು. ಇವನ್ನೆಲ್ಲ ಪ್ರೀತಿಸುವವರು ಕ್ಯಾಮೆರಾವನ್ನು ಹುಡುಕುವ ಮೊದಲು ಲೆನ್ಸನ್ನು ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮಕ್ಕನ ಮಗಳಿಗೆ ಆಸೆ ಇದ್ದದ್ದು ಚೌಕಿಯ ಮೇಲೆ, ಅಂದರೆ ಬಯಲಾಟದವರು ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದ ಮೇಲೆ. ಪುತ್ತೂರಿನಲ್ಲಿ ಓದುವ ಹುಡುಗಿ, ಚಿಕ್ಕಂದಿನಿಂದ ಬಯಲಾಟದ ಹುಚ್ಚು. ರಂಗಸ್ಥಳದ ಮೇಲೆ ಕುಣಿಯುವ ವೇಷದ ಫೋಟೋ ಎಲ್ಲರೂ ತೆಗೆಯುತ್ತಾರೆ, ನನಗೆ ಅದಕ್ಕಿಂತ ಮುಂಚಿನದು ಬೇಕು ಅಂದಳು. ಆ ಮಾತು ನನಗೆ ತುಂಬ ಹಿಡಿಸಿತು. ಚೌಕಿಯನ್ನು ನೋಡಿದವರಿಗೆ ಅದರ ಸೊಗಸು ಗೊತ್ತು. ಶಾಲೆಯ ಜಗಲಿಯಲ್ಲೋ, ಗದ್ದೆಯ ಬದಿಯಲ್ಲಿ ಹಾಕಿದ ಚಪ್ಪರದಲ್ಲೋ ಉದ್ದಕ್ಕೆ ಚಾಪೆ ಹಾಸಿರುತ್ತದೆ. ತಲೆಯ ಮೇಲೆ ಒಂದೆರಡು ಬಲ್ಬು. ಒಬ್ಬೊಬ್ಬ ವೇಷಧಾರಿಯ ಎದುರೂ ಒಂದೊಂದು ಪೆಟ್ಟಿಗೆ, ಅದಕ್ಕೆ ಒರಗಿಸಿದ ಕನ್ನಡಿ. ಸಫೇದ, ಇಂಗಳೀಕ, ಕಾಡಿಗೆ. ಬಣ್ಣದ ವೇಷದವರು ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡಲು ಕೂತರೆಂದರೆ ಗಂಟೆಗಳ ಕೆಲಸ. ಮಧ್ಯಾಹ್ನ ಬೀಡಂಗಡಿಯ ಎದುರು ಸಿಕ್ಕಿ ಕುಶಲ ಕೇಳಿದ್ದ ಮನುಷ್ಯ ಕಣ್ಣೆದುರೇ ಹಂತಹಂತವಾಗಿ ಮಹಿಷಾಸುರನಾಗುತ್ತಾನೆ. ಚಂಡೆಯ ಸದ್ದು ಹೊರಗಿರುತ್ತದೆ, ಒಳಗೆ ಮಾತು ಕಡಿಮೆ.

ಇಲ್ಲಿಗೆ ಅಂಗಡಿಯಲ್ಲಿ ಬಾಡಿಯ ಜೊತೆಗೇ ಕೊಡುವ 18-55ರ ಕಿಟ್ ಲೆನ್ಸನ್ನು ತೆಗೆದುಕೊಂಡು ಹೋದರೆ ಏನಾಗುತ್ತದೆ? ಲೆಕ್ಕ ಸುಲಭ. ಮುಖವೊಂದನ್ನೇ ತುಂಬಿಸಿಕೊಳ್ಳಲು 55ರ ತನಕ ಜೂಮ್ ಮಾಡಿದಾಗ ಆ ಲೆನ್ಸಿನ ಅಪರ್ಚರ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 55ನ್ನು 5.6ರಿಂದ ಭಾಗಿಸಿ: ಬೆಳಕು ಒಳಬರುವ ಕಂಡಿಯ ಅಗಲ ಹತ್ತು ಮಿಲಿಮೀಟರಿನ ಹತ್ತಿರ. ಅದೇ 50 ಎಂಎಂ, ಎಫ್/1.8 ಲೆನ್ಸಿನಲ್ಲಿ 50ನ್ನು 1.8ರಿಂದ ಭಾಗಿಸಿದರೆ 28 ಮಿಲಿಮೀಟರ್. ಎಫ್ ಸಂಖ್ಯೆಗಳ ಲೆಕ್ಕದಲ್ಲಿ ಸೆನ್ಸರಿಗೆ ಬೀಳುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು ಆಯಿತು. ಕಿಟ್ ಲೆನ್ಸು ಸೆಕೆಂಡಿನ ಹತ್ತನೇ ಒಂದು ಭಾಗ ಕೇಳುವ ಕಡೆ ಇದಕ್ಕೆ ನೂರನೇ ಒಂದು ಭಾಗ ಸಾಕು. ಹತ್ತನೇ ಒಂದು ಭಾಗದಲ್ಲಿ ಕಡ್ಡಿ ಹಿಡಿದು ಹುಬ್ಬು ತಿದ್ದುವ ಬೆರಳು ಮಸುಕಾದ ಗೆರೆಯಾಗಿಬಿಡುತ್ತದೆ. ಕಿಟ್ ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಎನ್ನುವವರಿದ್ದಾರೆ. ಅದು ಸಂಭಾಳಿಸುವುದು ನಮ್ಮ ಕೈಯ ನಡುಕವನ್ನು. ಅವರ ಕೈಯ ಚಲನೆಯನ್ನು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. ಐಎಸ್ಒ ಏರಿಸಬಹುದು, ಆದರೆ ಆರಂಭಿಕ ದರ್ಜೆಯ ಬಾಡಿಗಳಲ್ಲಿ 6400 ದಾಟಿತೆಂದರೆ ಇಂಗಳೀಕದ ಕೆಂಪು ಹರಳುಹರಳಾಗಿ ಒಡೆಯುತ್ತದೆ. ಆ ಕೆಂಪಿಗಾಗಿಯೇ ಅಲ್ಲವೇ ನಾವು ಅಲ್ಲಿಗೆ ಹೋಗುವುದು?

ಇನ್ನು ಫ್ಲ್ಯಾಶ್. ಚೌಕಿಯಲ್ಲಿ ಅದನ್ನು ಹಾಕಲೇಬಾರದು. ಕಣ್ಣಂಚಿಗೆ ಕಾಡಿಗೆ ತೀಡುತ್ತಿರುವವರ ಮುಖಕ್ಕೆ ಬೆಳಕು ಸಿಡಿಸುವುದು ತಪ್ಪು, ಕನ್ನಡಿಯಿಂದ ಅದು ಪಕ್ಕದವರ ಕಣ್ಣಿಗೂ ಹೊಡೆಯುತ್ತದೆ. ಚಿತ್ರದ ದೃಷ್ಟಿಯಿಂದಲೂ ನಷ್ಟವೇ. ಚಿಟ್ಟಿಯ ಒಂದೊಂದು ಮುಳ್ಳಿಗೂ ಒಂದು ಸಣ್ಣ ನೆರಳಿರುತ್ತದೆ. ಎದುರಿನಿಂದ ಬಂದ ಫ್ಲ್ಯಾಶ್ ಅದನ್ನೆಲ್ಲ ಅಳಿಸಿ ಮುಖವನ್ನು ಹಲಗೆಯಂತೆ ಚಪ್ಪಟೆ ಮಾಡುತ್ತದೆ.

ಹೀಗೆ ಲೆನ್ಸು ಯಾವುದೆಂದು ನಿಶ್ಚಯವಾದ ಮೇಲೆ ಬಾಡಿಯ ಪ್ರಶ್ನೆ ಅರ್ಧಕ್ಕರ್ಧ ತಾನೇ ಬಗೆಹರಿಯಿತು. ನಿಕಾನ್ ಕೊಳ್ಳುವವರು ಇಲ್ಲೊಂದು ವಿಷಯ ತಿಳಿದಿರಲೇಬೇಕು. ಡಿ3000ದಿಂದ ಡಿ3500ರವರೆಗಿನ ಸಾಲಿಗೂ, ಡಿ5000ದಿಂದ ಡಿ5600ರವರೆಗಿನ ಸಾಲಿಗೂ ಬಾಡಿಯ ಒಳಗೆ ಫೋಕಸ್ ಮೋಟರ್ ಇಲ್ಲ. ನಿಕಾನಿನ ಅಗ್ಗದ 50 ಎಂಎಂ ಎಫ್/1.8ಡಿ ಲೆನ್ಸಿಗೆ ಬಾಡಿಯ ಮೋಟರೇ ಆಧಾರ. ಎರಡನ್ನೂ ಜೋಡಿಸಿದರೆ ಫೋಟೋ ಬರುತ್ತದೆ, ಆದರೆ ಫೋಕಸ್ಸನ್ನು ಕೈಯಿಂದಲೇ ತಿರುಗಿಸಿ ಕೂಡಿಸಬೇಕು. ಆ ಸಾಲಿನ ಬಾಡಿಗಳಿಗೆ 2009ರಲ್ಲಿ ಬಂದ 35 ಎಂಎಂ ಎಫ್/1.8ಜಿ ಅತ್ಯುತ್ತಮ ಸಂಗಾತಿ. ಅದರ ಮೋಟರ್ ಅದರೊಳಗೇ ಇದೆ. ಕ್ಯಾನನ್‌ನಲ್ಲಿ ಈ ತಾಪತ್ರಯವೇ ಇಲ್ಲ, 1987ರಲ್ಲಿ ಇಎಫ್ ಮೌಂಟ್ ಶುರುಮಾಡಿದಾಗಲೇ ಅವರು ಮೋಟರನ್ನು ಲೆನ್ಸಿನೊಳಗೆ ಇಟ್ಟರು.

ಈಗ ಎರಡೂ ಕಂಪನಿಗಳ ಗಮನವೆಲ್ಲ ಮಿರರ್‌ಲೆಸ್ ಕಡೆಗೆ. ಅದರಿಂದ ಆರಂಭಿಕರಿಗೆ ಒಳ್ಳೆಯದೇ ಆಗಿದೆ. ಒಂದು ಕಾಲಕ್ಕೆ ಮಧ್ಯಮ ವರ್ಗದವರು ಕಂತು ಕಟ್ಟಿ ಕೊಂಡ ಬಾಡಿಗಳು ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ, ಚೆನ್ನಾಗಿರುವ ಸ್ಥಿತಿಯಲ್ಲಿ, ಸಿಗುತ್ತಿವೆ. ಹುಡುಗಿಗೆ ನಾನು ಸೂಚಿಸಿದ್ದು ಕ್ಯಾನನ್ 700ಡಿ. 2013ರದ್ದು, 18 ಮೆಗಾಪಿಕ್ಸೆಲ್. ಇಷ್ಟು ಹಳೆಯದ್ದಾ ಎಂದು ಅವಳ ಮುಖ ಸ್ವಲ್ಪ ಬಾಡಿತು. ಆದರೆ ಅದರ ಹಿಂದಿನ ಪರದೆ ಹೊರಕ್ಕೆ ತಿರುಗುತ್ತದೆ. ಚಾಪೆಯ ಮೇಲೆ ಕೂತವರ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಬೇಕಾದಾಗ ನಾವು ನೆಲಕ್ಕೆ ಮಲಗಬೇಕಿಲ್ಲ. ಅದರ ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದು ಎಫ್/2.8 ಅಥವಾ ಅದಕ್ಕಿಂತ ಹೆಚ್ಚು ತೆರೆಯುವ ಲೆನ್ಸು ಸಿಕ್ಕಿದರೆ ಇನ್ನಷ್ಟು ನಿಖರವಾಗಿ ಕೆಲಸ ಮಾಡುತ್ತದೆ. ಮಬ್ಬಿನಲ್ಲಿ ಕೆಲಸ ಮಾಡುವವರಿಗೆ ಇಂಥ ಗುಣಗಳು ಇನ್ನೊಂದು ಆರು ಮೆಗಾಪಿಕ್ಸೆಲ್ಲಿಗಿಂತ ದೊಡ್ಡವು.

ಹಳೆಯ ಬಾಡಿ ನೋಡುವಾಗ ಎಲ್ಲರೂ ಶಟರ್ ಕೌಂಟ್ ಕೇಳುತ್ತಾರೆ, ಕೇಳಲಿ. ನಾನು ಅದಕ್ಕಿಂತ ಮುಂಚೆ ಬಿಳಿ ಗೋಡೆಯನ್ನು ಎಫ್/16ರಲ್ಲಿ ತೆಗೆದು ನೋಡುತ್ತೇನೆ. ಸೆನ್ಸರಿನ ಮೇಲೆ ಕೂತ ಧೂಳು ಕಪ್ಪು ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಲೆನ್ಸಾದರೆ ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಬೇಕು. ಧೂಳಿನ ಒಂದೆರಡು ಕಣ ಚಿಂತೆಯಿಲ್ಲ. ಅಂಚಿನಿಂದ ಒಳಕ್ಕೆ ಬೇರು ಬಿಟ್ಟ ಹಾಗೆ ಎಳೆಎಳೆಯಾಗಿ ಏನಾದರೂ ಕಂಡರೆ ಅದು ಫಂಗಸ್. ಕರಾವಳಿ, ಮಲೆನಾಡುಗಳಲ್ಲಿ ಮಾರಾಟಕ್ಕೆ ಬರುವ ಲೆನ್ಸುಗಳಲ್ಲಿ ಇದನ್ನು ನೋಡದೆ ಹಣ ಎಣಿಸಬಾರದು.

ಬಾಡಿ ಹಳೆಯದಾದರೂ ಲೆನ್ಸನ್ನು ಹೊಸದೇ ಕೊಂಡೆವು: ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ. ನಾವು ಕೊಂಡಾಗ ಹತ್ತು ಸಾವಿರ ರೂಪಾಯಿಯ ಆಸುಪಾಸು ಇತ್ತು. ತೂಕ 160 ಗ್ರಾಂ. ಫೋಟೋಗ್ರಫಿ ಬಲ್ಲವರು ಇದನ್ನು ಬರೀ ‘ಫಿಫ್ಟಿ’ ಅನ್ನುತ್ತಾರೆ, ಮನೆಯ ಮಗುವನ್ನು ಕರೆದ ಹಾಗೆ. ಇದರ ಹಿಂದಿನ ಅವತಾರ 1990ರಿಂದ ಕಾಲು ಶತಮಾನ ಮಾರಾಟವಾಯಿತು. ಅದರ ಮೌಂಟ್ ಪ್ಲಾಸ್ಟಿಕ್ಕು, ಅಪರ್ಚರಿಗೆ ಐದೇ ಎಸಳು. 2015ರಲ್ಲಿ ಬಂದ ಈ ಎಸ್‌ಟಿಎಂಗೆ ಲೋಹದ ಮೌಂಟ್, ಏಳು ಎಸಳು, 35 ಸೆಂಟಿಮೀಟರ್ ಹತ್ತಿರದವರೆಗೂ ಫೋಕಸ್. ಒಳಗಿನ ಗಾಜುಗಳು ಮಾತ್ರ ಆಗಲೂ ಈಗಲೂ ಆರು.

ಇಷ್ಟು ಕಡಿಮೆ ಬೆಲೆಗೆ ಇಷ್ಟು ಒಳ್ಳೆಯ ಗಾಜು ಹೇಗೆ ಸಾಧ್ಯ ಎಂಬುದು ನನಗೆ ಬಹಳ ಇಷ್ಟದ ವಿಷಯ. ಎಸ್‌ಎಲ್‌ಆರ್ ಒಳಗೆ 45 ಡಿಗ್ರಿ ಓರೆಯಲ್ಲಿ ಒಂದು ಕನ್ನಡಿ ನಿಂತಿರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ವ್ಯೂಫೈಂಡರಿನ ಕಡೆ ಕಳಿಸುತ್ತದೆ. ಬಟನ್ ಒತ್ತಿದ ತಕ್ಷಣ ಕನ್ನಡಿ ಮೇಲಕ್ಕೆ ಮಡಚಿಕೊಂಡು ಬೆಳಕು ಸೆನ್ಸರಿಗೆ ಬೀಳುತ್ತದೆ. ಆ ಕನ್ನಡಿ ಏಳಲು ಜಾಗ ಬೇಕಲ್ಲ? ಅದಕ್ಕಾಗಿ ಕ್ಯಾನನ್ ಬಾಡಿಯಲ್ಲಿ ಮೌಂಟಿನಿಂದ ಸೆನ್ಸರಿಗೆ 44 ಮಿಲಿಮೀಟರ್ ಅಂತರ ಇಟ್ಟಿದ್ದಾರೆ. 24, 28ರಂಥ ಅಗಲ ನೋಟದ ಲೆನ್ಸುಗಳು ಇಷ್ಟು ದೂರಕ್ಕೆ ಬಿಂಬ ಮೂಡಿಸಬೇಕಾದರೆ ಹೆಚ್ಚಿನ ಗಾಜು, ಹೆಚ್ಚಿನ ಕಸರತ್ತು ಬೇಕು. 50ಕ್ಕೆ ಅದು ಬೇಡ. ಮುಂದೆ ಮೂರು ಹಿಂದೆ ಮೂರು ಎಂಬಂತೆ, ನಡುವೆ ಅಪರ್ಚರ್ ಇಟ್ಟ ಹೆಚ್ಚುಕಡಿಮೆ ಸಮಮಿತಿಯ ವಿನ್ಯಾಸ ಸಾಕು. ಈ ವಿನ್ಯಾಸದ ಹಿರಿಯಜ್ಜ ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ 1896ರಲ್ಲಿ ರೂಪಿಸಿದ ಪ್ಲಾನಾರ್. ಮುಂದಿನ ಅರ್ಧಭಾಗ ಮಾಡುವ ದೋಷಗಳನ್ನು ಹಿಂದಿನ ಅರ್ಧಭಾಗ ಬಹುಮಟ್ಟಿಗೆ ಸರಿದೂಗಿಸುತ್ತದೆ. ನೂರು ವರ್ಷಕ್ಕೂ ಮೀರಿ ತಿದ್ದಿ ತೀಡಿ ಹದಕ್ಕೆ ಬಂದದ್ದು, ಲಕ್ಷಾಂತರ ಸಂಖ್ಯೆಯಲ್ಲಿ ತಯಾರಾಗುವಂಥದ್ದು. ಬಡವರ ಲೆನ್ಸು ಎಂದು ಇದನ್ನು ಹೀಗಳೆಯುವವರ ಮಾತನ್ನು ನಾನು ಸಹಿಸುವುದಿಲ್ಲ.

ಎಲ್ಲರಿಗೂ ಇದೇ ಸರಿ ಎಂದೇನಲ್ಲ. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಕ್ಯಾಮೆರಾದ ಕನಸು ಕಂಡವರು ಕನ್ನಡದಲ್ಲಿ ತುಂಬ ಜನರಿದ್ದಾರೆ. ಅವರು ಫಿಫ್ಟಿ ಹಿಡಿದುಕೊಂಡು ರಂಗನತಿಟ್ಟಿಗೆ ಹೋದರೆ ಕೊಕ್ಕರೆ ಸಾಸಿವೆ ಕಾಳಿನಷ್ಟು ಕಾಣುತ್ತದೆ. ಅವರಿಗೆ 55-250 ಅಥವಾ 70-300 ಬೇಕು. ಹಕ್ಕಿ ಬಿಸಿಲಲ್ಲಿ ಕೂರುತ್ತದೆ, ಎಫ್/5.6 ಅಲ್ಲಿ ನಡೆಯುತ್ತದೆ.

ಚೌಕಿಗೆ ಮೊದಲ ಸಲ ಹೋದ ರಾತ್ರಿ ನಾನೂ ಜೊತೆಗಿದ್ದೆ. ಮೇಳದವರ ಒಪ್ಪಿಗೆ ಮೊದಲೇ ಕೇಳಿದ್ದೆವು. ಅವಳು ಸ್ವಲ್ಪ ಹೊತ್ತು ಕ್ಯಾಮೆರಾ ಚೀಲದಿಂದ ತೆಗೆಯಲೇ ಇಲ್ಲ, ಒಂದು ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ಒಬ್ಬ ಹಿರಿಯ ವೇಷಧಾರಿಯ ಪಕ್ಕಕ್ಕೆ ಸರಿದು ಕನ್ನಡಿಯಲ್ಲಿನ ಅವರ ಮುಖಕ್ಕೆ ಫೋಕಸ್ ಮಾಡತೊಡಗಿದಳು. ಮುಖ ಮಸುಕು, ಕನ್ನಡಿಗೆ ಮೆತ್ತಿದ ಸಫೇದದ ಬೆರಳಚ್ಚು ಮಾತ್ರ ಚೂಪು. ಮತ್ತೊಮ್ಮೆ ತೆಗೆದರೂ ಅಷ್ಟೇ. ಕನ್ನಡಿಯಲ್ಲಿ ಕಾಣುವ ಮುಖ ಕನ್ನಡಿಯ ಮೇಲೆ ಇರುವುದಿಲ್ಲ. ನಮ್ಮಿಂದ ಕನ್ನಡಿಗೆ ಎಷ್ಟು ದೂರವೋ, ಕನ್ನಡಿಯಿಂದ ಮುಖಕ್ಕೆ ಎಷ್ಟು ದೂರವೋ, ಎರಡೂ ಕೂಡಿದಷ್ಟು ಆಚೆ ಇರುತ್ತದೆ. ಒಂದು ಮೀಟರ್ ದೂರದಲ್ಲಿ ಎಫ್/1.8ರಲ್ಲಿ ಚೂಪಾಗಿ ಕಾಣುವ ಆಳ ಮೂರು ಸೆಂಟಿಮೀಟರ್ ಕೂಡ ಇಲ್ಲ. ಕಣ್ಣು ಸಿಕ್ಕರೆ ಕಿವಿ ಇಲ್ಲ. ನಡುವಿನ ಬಿಂದುವೊಂದನ್ನೇ ಆರಿಸಿ, ಕನ್ನಡಿಯೊಳಗಿನ ರೆಪ್ಪೆಯ ಕಪ್ಪು ಗೆರೆಯ ಮೇಲೆ ಇಟ್ಟು, ಅರ್ಧ ಒತ್ತಿ ಹಿಡಿ ಅಂದೆ. ಲೆನ್ಸು ಸಣ್ಣಗೆ ಗೊರ್ ಅಂದು ನಿಂತಿತು. ಕನ್ನಡಿಯಲ್ಲಿ ಒಂದು ಕಣ್ಣು, ಅದರ ಕೆಳಗೆ ಇನ್ನೂ ಒಣಗದ ಕಾಡಿಗೆಯ ಹೊಳಪು, ಹಿಂದೆ ಕರಗಿದ ಬೆಳಕಿನ ಉಂಡೆಯಾಗಿ ಬಲ್ಬು.

ಬಲ್ಬಿನ ಮಾತು ಬಂತು, ಇದನ್ನೂ ಹೇಳಬೇಕು. ನಮ್ಮ ಕರೆಂಟು 50 ಹರ್ಟ್ಸ್‌ನದು. ಹಾಗಾಗಿ ಹಳೆಯ ಟ್ಯೂಬ್‌ಲೈಟುಗಳು, ಅನೇಕ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಹೊತ್ತಿ ಮಂಕಾಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ ವೇಗ 1/200, 1/400 ಎಂದು ಏರಿಸಿದರೆ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ, ಕೆಲವದರಲ್ಲಿ ಅಡ್ಡಕ್ಕೆ ಕಪ್ಪು ಪಟ್ಟೆ. 1/100ರಲ್ಲೋ 1/50ರಲ್ಲೋ ನಿಂತರೆ ಬಣ್ಣ ಸ್ಥಿರವಾಗಿರುತ್ತದೆ. ಎಫ್/1.8, 1/100, ಐಎಸ್ಒ 1600. ಆ ರಾತ್ರಿಯ ಬಹುಪಾಲು ಚಿತ್ರಗಳು ಈ ಮೂರು ಸಂಖ್ಯೆಗಳಲ್ಲೇ ಇವೆ. ಎಪಿಎಸ್-ಸಿ ಸೆನ್ಸರಿನ ಮೇಲೆ 50 ಎಂಎಂ ಹಳೆಯ ರೀಲಿನ ಲೆಕ್ಕದಲ್ಲಿ 80ಕ್ಕೆ ಸಮ, ಮುಖಚಿತ್ರಕ್ಕೆ ಹೇಳಿ ಮಾಡಿಸಿದ ಅಳತೆ. ಜೂಮ್ ಇಲ್ಲದ್ದರಿಂದ ಅವಳು ಹತ್ತಿರ ಬೇಕಾದರೆ ಹತ್ತಿರವೇ ಹೋಗಬೇಕಿತ್ತು, ಹೋದಳು. ಹೋದದ್ದರಿಂದ ಮಾತು ಬೆಳೆಯಿತು. ಚಿಟ್ಟಿ ಇಡುತ್ತಿದ್ದವರು ತಮ್ಮ ಗುರುಗಳು ಯಾರು, ಹುಬ್ಬಿನ ಗೆರೆ ಹೀಗೇ ಏಕೆ ಎಂದು ತಾವಾಗಿ ಹೇಳಿದರು. ದೂರದಿಂದ ಜೂಮ್ ಎಳೆಯುವವರಿಗೆ ಈ ಸಂಭಾಷಣೆ ಸಿಗುವುದು ಕಷ್ಟ.

ಪತ್ತನಾಜೆಗೆ ತಿರುಗಾಟ ಮುಗಿದು ಮೇಳಗಳ ಗೆಜ್ಜೆ ಬಿಚ್ಚಿದ ಮೇಲೆ ಮಳೆ. ಲೆನ್ಸಿಗೆ ಅದೇ ಕಠಿಣ ಕಾಲ. ಚರ್ಮದ ಚೀಲದಲ್ಲಿ ಇಟ್ಟು ಕಪಾಟಿನೊಳಗೆ ತಳ್ಳಿದರೆ ಫಂಗಸ್ಸಿಗೆ ಆಹ್ವಾನ ಕೊಟ್ಟಂತೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಹತ್ತು ರೂಪಾಯಿ ಉಳಿಸಲು ಹೋಗದೆ ಒಂದು ಸಣ್ಣ ಹೈಗ್ರೋಮೀಟರ್. ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ನಸುಗೆಂಪಿಗೆ ತಿರುಗಿದರೆ ನೀರು ಕುಡಿದು ತುಂಬಿದೆ ಎಂದರ್ಥ. ಅಡುಗೆಗೆ ಬಳಸದ ಬೇರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತದೆ. ಆಟವಿಲ್ಲದ ತಿಂಗಳುಗಳಲ್ಲೂ ಆಗಾಗ ಹೊರತೆಗೆದು ಮನೆಯವರ ಫೋಟೋ ತೆಗೆಯಬೇಕು. ಬಳಕೆಯಲ್ಲಿರುವ ಲೆನ್ಸು ಆರೋಗ್ಯವಾಗಿರುತ್ತದೆ.

ಈಗ ಅವಳದೊಂದು ಹೊಸ ಬೇಡಿಕೆ. ಚೌಕಿಯ ಇಡೀ ಸಾಲು, ಕೊನೆಯಲ್ಲಿ ದೀಪ ಹಚ್ಚಿಟ್ಟ ಗಣಪತಿಯ ಸಮೇತ, ಒಂದೇ ಚಿತ್ರದಲ್ಲಿ ಬರಬೇಕಂತೆ. ಫಿಫ್ಟಿಯಲ್ಲಿ ಅದು ಹಿಡಿಸುವುದಿಲ್ಲ, ಹಿಂದೆ ಸರಿದರೆ ಬೆನ್ನಿಗೆ ಗೋಡೆ. ಕ್ಯಾನನ್‌ನ 24 ಎಂಎಂ ಎಫ್/2.8 ಪ್ಯಾನ್‌ಕೇಕ್ ಲೆನ್ಸನ್ನು ನೋಡಿಟ್ಟಿದ್ದಾಳೆ. 125 ಗ್ರಾಂ, ಬಾಡಿಗೆ ಮುಚ್ಚಳ ಹಾಕಿದಷ್ಟೇ ದಪ್ಪ. ಇನ್ನೊಂದು ತಿರುಗಾಟ ಫಿಫ್ಟಿಯಲ್ಲೇ ಕಳೆ ಎಂದು ಹೇಳಬೇಕೆಂದಿದ್ದೆ. ಕೂತು ಲೆಕ್ಕ ಹಾಕಿದೆ: 1.8ರಿಂದ 2.8ಕ್ಕೆ ಇಳಿದರೆ ಅದೇ ಬೆಳಕಿಗೆ 1/40 ಸೆಕೆಂಡು ಬೇಕು. ಸಾಲಾಗಿ ಕೂತು ಬಣ್ಣ ಹಚ್ಚಿಕೊಳ್ಳುವವರಿಗೆ ಅಷ್ಟು ಸಾಕು, 24ರಲ್ಲಿ ಕೈನಡುಕವೂ ಅಷ್ಟಾಗಿ ಕಾಣದು. ದೀಪಾವಳಿ ಕಳೆದು ಮೇಳ ಹೊರಡುವ ಮೊದಲೇ ತೆಗೆದುಕೋ ಎಂದಿದ್ದೇನೆ.