ಪುತ್ರಜಯಾದ ರಸ್ತೆಗಳೂ ಒಂದು ಗಾಳಿ ಪಂಪೂ

ಕಳೆದ ಸಂಕ್ರಾಂತಿ ಊಟದ ದಿನ ನಮ್ಮ ಕಾರಿನ ಡಿಕ್ಕಿಯಲ್ಲಿದ್ದ ಸಣ್ಣ ಗಾಳಿ ಪಂಪನ್ನು ನೋಡಿ ಮೂರು ನಾಲ್ಕು ಜನ "ಇದೆಂತದು, ಎಲ್ಲಿ ತಗೊಂಡ್ರಿ, ಎಷ್ಟಾಯ್ತು?" ಅಂತ ಕೇಳಿದರು. ಕೈಯಲ್ಲಿ ಪಾಯಸದ ಲೋಟ ಇತ್ತು, ಎರಡು ಮಾತು ಹೇಳಿ ಬಿಟ್ಟೆ. ಆದರೆ ಆ ಪಂಪು ನಮ್ಮ ಮನೆಗೆ ಬಂದದ್ದು ಎರಡು ಮಾತಿನ ಕತೆಯಲ್ಲ. ಅದನ್ನು ಹೇಳಬೇಕಾದರೆ ನಾವಿರುವ ಊರಿನ ಬಗ್ಗೆಯೂ ಸ್ವಲ್ಪ ಹೇಳಬೇಕು.

ಪುತ್ರಜಯಾ ನೋಡದವರಿಗಾಗಿ: ಇದು ಮಲೇಷ್ಯಾ ಸರ್ಕಾರದ ಆಡಳಿತ ನಗರ. ಕ್ವಾಲಾಲಂಪುರದಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್. 1999ರಲ್ಲಿ ಪ್ರಧಾನಮಂತ್ರಿಗಳ ಕಚೇರಿ ಇಲ್ಲಿಗೆ ಬಂತು. 2001ರ ಫೆಬ್ರವರಿ 1ರಂದು ಇದು ಫೆಡರಲ್ ಟೆರಿಟರಿ ಆಯಿತು, ನಮ್ಮಲ್ಲಿ ಕೇಂದ್ರಾಡಳಿತ ಪ್ರದೇಶ ಅನ್ನುತ್ತೇವಲ್ಲ, ಹಾಗೆ. ಹೆಸರು ಕೇಳಿದರೆ ನಮ್ಮ ಪುರಾಣದ ಊರೇ ಅನ್ನಿಸುತ್ತದೆ. ದೇಶದ ಮೊದಲ ಪ್ರಧಾನಿ ತುಂಕು ಅಬ್ದುಲ್ ರಹಮಾನ್ ಪುತ್ರ ಅವರ ಹೆಸರಿನ 'ಪುತ್ರ', ಅದಕ್ಕೆ 'ಜಯ' ಸೇರಿದೆ. ಎರಡೂ ಸಂಸ್ಕೃತದಿಂದ ಇಲ್ಲಿಗೆ ಬಂದ ಮಾತುಗಳೇ.

ಊರು ಚೆಂದ ಉಂಟು. ಮನುಷ್ಯರೇ ಮಾಡಿದ ದೊಡ್ಡ ಕೆರೆ, ಅದರ ದಡದಲ್ಲಿ ಗುಲಾಬಿ ಬಣ್ಣದ ಪುತ್ರ ಮಸೀದಿ, ಒಂದರಂತೆ ಇನ್ನೊಂದಿಲ್ಲದ ಸೇತುವೆಗಳು, ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದದ ಪರ್ಸಿಯಾರನ್ ಪರ್ದಾನ ಎಂಬ ರಾಜಬೀದಿ. ಶನಿವಾರ, ಭಾನುವಾರ ಬೆಳಗ್ಗೆ ಕೆರೆಯ ಸುತ್ತ ಸೈಕಲ್ಲಿನವರ ಸಾಲು. ಆದರೆ ಒಂದು ತೊಂದರೆ, ಇಲ್ಲಿ ಎಲ್ಲವೂ ದೂರ. ಊರನ್ನು ಪ್ರೆಸಿಂಟ್ ಎಂದು ಭಾಗ ಮಾಡಿದ್ದಾರೆ. ಮನೆ ಒಂದು ಪ್ರೆಸಿಂಟ್, ಅಂಗಡಿ ಇನ್ನೊಂದು. ನನ್ನ ಕೆಲಸ ಪಕ್ಕದ ಸೈಬರ್‌ಜಯಾದಲ್ಲಿ. ಲುಂಗಿ ಉಟ್ಟುಕೊಂಡು ನಡೆದು ಹೋಗಿ ಹಾಲು ತರುವ ಊರಲ್ಲ ಇದು. ಹಗಲು ಬಸ್ಸು, ರೈಲು ಉಂಟು. ರಾತ್ರಿಗೆ ನಮ್ಮ ಚಕ್ರವೇ ನಮಗೆ ಗತಿ.

ಎರಡು ವರ್ಷದ ಹಿಂದೆ ಅಂಥ ಒಂದು ರಾತ್ರಿ ಊರಿಂದ ಫೋನು ಬಂತು. ಸುಳ್ಯದಲ್ಲಿ ಅಪ್ಪನಿಗೆ ಎದೆನೋವು, ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ನೀನು ಹೊರಡು ಅಂತ ತಮ್ಮ ಹೇಳಿದ. ಬೆಳಗ್ಗೆ 7 ಗಂಟೆಯ ವಿಮಾನಕ್ಕೆ ಟಿಕೆಟ್ ಸಿಕ್ಕಿತು. ಮೂರೂವರೆಗೆ ಬ್ಯಾಗ್ ಹಿಡಿದು ನಾನೂ ಹೆಂಡತಿಯೂ ಕೆಳಗಿನ ಪಾರ್ಕಿಂಗಿಗೆ ಇಳಿದರೆ ಕಾರಿನ ಹಿಂದಿನ ಎಡ ಚಕ್ರ ಪೂರ್ತಿ ಕೂತಿದೆ. ಇಲ್ಲಿಯವರು ಇದಕ್ಕೆ 'ಪಂಚಿತ್' ಅನ್ನುತ್ತಾರೆ, ನಮ್ಮ ಪಂಚರ್ರೇ. ಸ್ಟೆಪ್ನಿ ಹಾಕುವ ಅಂತ ತೆಗೆದರೆ ಅದನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತದೆ. ಕಾರು ತೆಗೆದ ಮೇಲೆ ಅದಕ್ಕೆ ಒಮ್ಮೆಯೂ ಗಾಳಿ ಹಾಕಿಸಿರಲಿಲ್ಲ. ಹೊರಗೆ ಧೋ ಅಂತ ಮಳೆ. ಮೊಬೈಲಿನಲ್ಲಿ ಟ್ಯಾಕ್ಸಿ ಹುಡುಕಿದರೆ ಒಬ್ಬನೂ ಒಪ್ಪುತ್ತಿಲ್ಲ. ಆ ಹೊತ್ತಿಗೆ ಏರ್‌ಪೋರ್ಟಿಗೆ ರೈಲೂ ಇಲ್ಲ.

ತಿಂಗಳ ಕೊನೆಗೆ ಒಂದು ಸೆನ್ ವ್ಯತ್ಯಾಸ ಬಂದರೂ ರಾತ್ರಿ ಕೂತು ಲೆಕ್ಕ ತಾಳೆ ಮಾಡುವವ ನಾನು. ಒಂದು ವಾರದಿಂದ ಆ ಟಯರು ಸ್ವಲ್ಪ ಕೂತ ಹಾಗೆ ಕಾಣುತ್ತಿತ್ತು. "ನಾಳೆ ನೋಡುವ" ಅಂತ ಬಿಟ್ಟಿದ್ದೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ.

ನಮ್ಮ ಗಲಾಟೆ ಕೇಳಿ ಕೆಳಗಿನ ಮನೆಯ ಹಿರಿಯರೊಬ್ಬರು ಬಾಗಿಲು ತೆಗೆದರು. ತಮಿಳರು, ಮಗನ ಜೊತೆ ಇರುವವರು, ಮೂವತ್ತು ವರ್ಷ ಲಾರಿ ಓಡಿಸಿದವರು. ನಾನು "ಅಣ್ಣೇ" ಅಂತ ವಿಷಯ ಹೇಳಿದೆ. ಅವರು ಮಾತಾಡದೆ ಒಳಗೆ ಹೋಗಿ ಟಾರ್ಚಿನಷ್ಟು ದಪ್ಪದ, ಬ್ಯಾಟರಿಯಲ್ಲಿ ನಡೆಯುವ ಪಂಪು ತಂದರು. ನಾನು ಪಂಚರಾದ ಟಯರಿಗೇ ಗಾಳಿ ಹೊಡೆಯಲು ಹೋದೆ. ಅವರು ಕೈ ಹಿಡಿದು ನಿಲ್ಲಿಸಿದರು. "ತೂತು ಇರುವುದಕ್ಕೆ ಹಾಕಿ ಹೈವೇಗೆ ಹೋಗ್ತೀಯಾ? ಸ್ಟೆಪ್ನಿಗೆ ಹಾಕು" ಅಂದರು. ಸ್ಟೆಪ್ನಿಯ ಬದಿಯಲ್ಲಿ 420 ಕಿಲೋಪಾಸ್ಕಲ್, ಅಂದರೆ ಸುಮಾರು 60 ಪಿಎಸ್‌ಐ ಎಂದು ಬರೆದಿತ್ತು. ಇದ್ದದ್ದು ಹದಿನಾಲ್ಕು. ಪಂಪು ಗುರ್ ಅಂತ ಕೂಗುತ್ತಾ ತುಂಬಿಸಿತು. ಜಾಕ್ ಹಾಕಿ ಚಕ್ರ ಬದಲಿಸಿ ಹೊರಡುವಾಗ ನಾಲ್ಕೂಕಾಲು. ಆ ಸಪೂರ ಸ್ಟೆಪ್ನಿಯಲ್ಲಿ 80ಕ್ಕಿಂತ ವೇಗ ಹೋಗಬಾರದು. ಎಡದ ಲೇನಿನಲ್ಲೇ ಹೋಗಿ ತಲುಪಿದೆವು. ವಿಮಾನ ಸಿಕ್ಕಿತು, ಅಪ್ಪನೂ ಸಿಕ್ಕಿದರು.

ವಾಪಸ್ ಬಂದ ಮೇಲೆ ಹಲಸಿನ ಹಪ್ಪಳ ಹಿಡಿದು ಹಿರಿಯರ ಮನೆಗೆ ಹೋದೆ. "ನಿನಗೆ ತಮಿಳು ಹೇಗೆ ಬರುತ್ತದೆ?" ಅಂತ ಕೇಳಿದರು. ಸುಳ್ಯ, ಪುತ್ತೂರು ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿವೆ. 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಮೇಲೆ ಲಂಕೆಯಿಂದ ಬಂದ ತಮಿಳು ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟಿದ್ದರು. ಆ ಮನೆಗಳ ಮಕ್ಕಳು ನನ್ನ ಜೊತೆ ಶಾಲೆಗೆ ಬರುತ್ತಿದ್ದರು, ಹಾಗೆ ಕಲಿತೆ ಅಂದೆ. ಅವರು ನಕ್ಕು, "ನಾನು ಹುಟ್ಟಿದ್ದೂ ರಬ್ಬರ್ ಲೈನಿನಲ್ಲೇ. ಇದೇ ಜಾಗದಲ್ಲಿ" ಅಂದರು.

ಆಗ ನನಗೆ ಗೊತ್ತಾದದ್ದು, ಪುತ್ರಜಯಾ ಆಗುವ ಮೊದಲು ಇಲ್ಲಿ ಇದ್ದದ್ದು ಪ್ರಾಂಗ್ ಬೆಸಾರ್ ಎಂಬ ಎಸ್ಟೇಟ್. ಮಲಯ ಭಾಷೆಯಲ್ಲಿ ಆ ಹೆಸರಿನ ಅರ್ಥ ಮಹಾಯುದ್ಧ. ಮೊದಲ ಮಹಾಯುದ್ಧ ಮುಗಿಸಿ ಬಂದ ಬ್ರಿಟಿಷ್ ಸೈನಿಕ ಅಧಿಕಾರಿಗಳು 1921ರಲ್ಲಿ ಮಾಡಿದ ತೋಟ ಅದು. ಒಳ್ಳೆ ಹಾಲು ಕೊಡುವ ರಬ್ಬರ್ ತಳಿಗಳಿಗೆ ಹೆಸರಾಗಿತ್ತು. ನಮ್ಮ ಅಪ್ಪನ ತೋಟದಲ್ಲಿ ಪಿಬಿ 260 ಎಂಬ ರಬ್ಬರ್ ಉಂಟು, ನಮ್ಮ ಕಡೆಯ ಕೃಷಿಕರಿಗೆಲ್ಲ ಗೊತ್ತಿರುವ ತಳಿ. ಆ 'ಪಿಬಿ' ಅಂದರೆ ಪ್ರಾಂಗ್ ಬೆಸಾರ್! ನಾನು ಬಾಡಿಗೆ ಕೊಟ್ಟು ಇರುವ ಊರಿನ ಹೆಸರು ನಮ್ಮ ಗುಡ್ಡೆಯ ಮರಕ್ಕೆ ಮೊದಲೇ ಇತ್ತು. ನಗರ ಕಟ್ಟುವಾಗ ಎಸ್ಟೇಟಿನ ಕೆಲಸದವರ ಕುಟುಂಬಗಳನ್ನು ಡೆಂಕಿಲ್ ಹತ್ತಿರದ ತಾಮನ್ ಪೆರ್ಮಾತ ಫ್ಲ್ಯಾಟುಗಳಿಗೆ ಕಳಿಸಿದರು. ಸ್ವಂತ ನೆಲದ ಮನೆಗಾಗಿ ಅವರು ವರ್ಷಗಟ್ಟಲೆ ಕೇಳುತ್ತಾ ಬಂದರು. ಈ ನುಣುಪು ರಸ್ತೆಯಲ್ಲಿ ಟಯರು ಉರುಳುವಾಗ ನನಗೆ ಈಗ ಅದೂ ನೆನಪಾಗುತ್ತದೆ.

ಇನ್ನು ಪಂಪಿನ ವಿಷಯ. ಅಣ್ಣನವರನ್ನು ಕೇಳಿ, ನಾಲ್ಕು ಅಂಗಡಿ ಸುತ್ತಿ, ಎರಡು ವರ್ಷ ಬಳಸಿ ನಾನು ಕಲಿತದ್ದನ್ನು ಬರೆಯುತ್ತೇನೆ.

ಪಂಪಿನಲ್ಲಿ ಎರಡು ಜಾತಿ. ಒಂದು, ಕಾರಿನ ಸಿಗರೇಟ್ ಲೈಟರ್ ಸಾಕೆಟಿಗೆ ಸಿಕ್ಕಿಸುವ 12 ವೋಲ್ಟಿನ ವಯರಿನ ಪಂಪು. ಇನ್ನೊಂದು, ಚಾರ್ಜ್ ಮಾಡುವ ಬ್ಯಾಟರಿ ಪಂಪು. ಕಾರಿಗೆ ಒಂದೇ ತೆಗೆದುಕೊಳ್ಳುವುದಾದರೆ ವಯರಿನದ್ದೇ ವಾಸಿ. ಆರು ತಿಂಗಳು ಡಿಕ್ಕಿಯಲ್ಲಿ ಬಿದ್ದಿದ್ದರೂ ಬೇಕಾದ ದಿನ ನಡೆಯುತ್ತದೆ. ಬ್ಯಾಟರಿಯದ್ದು ಚಾರ್ಜ್ ಮಾಡಲು ಮರೆತರೆ ಕಲ್ಲಿಗೆ ಸಮ. ಮೇಲಿಂದ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಲಿಥಿಯಂ ಬ್ಯಾಟರಿ ಇಡುವುದು ಅಪಾಯ. ದುಬೈ, ಕುವೈತಿನಲ್ಲಿರುವ ನಮ್ಮವರು ಇದನ್ನು ಮುಖ್ಯವಾಗಿ ಗಮನಿಸಿ. ಬ್ಯಾಟರಿ ಪಂಪನ್ನು ಮನೆಯಲ್ಲೇ ಇಡಿ. ಬೈಕು, ಸೈಕಲ್ಲು, ಚೆಂಡಿಗೆ ಅದು ಬಹಳ ಅನುಕೂಲ. ನಾನು 109 ರಿಂಗಿಟ್ ಕೊಟ್ಟು ವಯರಿನದ್ದು ತಗೊಂಡೆ.

ಡಬ್ಬಿಯ ಮೇಲೆ 150 ಪಿಎಸ್‌ಐ ಅಂತ ದಪ್ಪಕ್ಷರ ನೋಡಿ ಮರುಳಾಗಬೇಡಿ. ನಮ್ಮ ಕಾರಿಗೆ ಬೇಕಾದದ್ದು ಮೂವತ್ತರ ಆಸುಪಾಸು. ನೋಡಬೇಕಾದದ್ದು ಬೇರೆ: ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಕೊಡುತ್ತದೆ, ಎಷ್ಟು ನಿಮಿಷ ನಿಲ್ಲದೆ ಓಡಬಹುದು, ಇಟ್ಟ ಅಂಕೆಗೆ ತಾನೇ ನಿಲ್ಲುತ್ತದೆಯೋ, ವಯರು ಹಿಂದಿನ ಚಕ್ರದವರೆಗೆ ಮುಟ್ಟುತ್ತದೆಯೋ, ಕತ್ತಲೆಗೆ ಲೈಟು ಉಂಟೋ. ವಯರಿನ ಪಂಪು 120 ವಾಟ್ ಆದರೆ 12 ವೋಲ್ಟಿಗೆ 10 ಆಂಪಿಯರ್ ಎಳೆಯುತ್ತದೆ. ನಿಮ್ಮ ಸಾಕೆಟಿನ ಫ್ಯೂಸ್ ಎಷ್ಟರದ್ದು ಎಂದು ಕಾರಿನ ಪುಸ್ತಕದಲ್ಲಿ ಮೊದಲೇ ನೋಡಿ.

ಎಷ್ಟು ಗಾಳಿ ಹಾಕಬೇಕು? ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕರ್ ಇರುತ್ತದೆ, ಅದೇ ಲೆಕ್ಕ. ಟಯರಿನ ಬದಿಯಲ್ಲಿ ಬರೆದ ಗರಿಷ್ಠ ಅಂಕೆ ಹಾಕುವುದಲ್ಲ. ಊರಲ್ಲಿ ನಮಗೆ ಪಿಎಸ್‌ಐ ಅಭ್ಯಾಸ, ಇಲ್ಲಿ ಕಿಲೋಪಾಸ್ಕಲ್. ಏಳರಿಂದ ಭಾಗಿಸಿದರೆ ಹತ್ತಿರದ ಉತ್ತರ ಬರುತ್ತದೆ. 200 ಅಂದರೆ 29, 230 ಅಂದರೆ 33, 250 ಅಂದರೆ 36.

ಅಳೆಯುವುದು ಬೆಳಗ್ಗೆ, ಗಾಡಿ ಓಡಿಸುವ ಮೊದಲು. ಟಯರು ಬಿಸಿಯಾದರೆ ಒತ್ತಡ ಏರುತ್ತದೆ, ಐದಾರು ಡಿಗ್ರಿಗೆ ಸುಮಾರು ಒಂದು ಪಿಎಸ್‌ಐ. ಹೈವೇಯಲ್ಲಿ ಓಡಿಸಿ ಬಂದು "ಅಯ್ಯೋ, ಜಾಸ್ತಿ ಆಯ್ತು" ಅಂತ ಗಾಳಿ ಬಿಡಬೇಡಿ. ಮರುದಿನ ತಣ್ಣಗಾದಾಗ ಕಡಿಮೆಯಾಗಿರುತ್ತದೆ. ಗಾಳಿ ಕಡಿಮೆಯಾದ ಟಯರು ಓಡುವಾಗ ಬದಿ ಮಡಚಿ ಮಡಚಿ ಒಳಗೆ ಕಾಯುತ್ತದೆ. ವೇಗದಲ್ಲಿ ಒಡೆಯುವುದು ಹೆಚ್ಚಾಗಿ ಅದೇ ಕಾರಣಕ್ಕೆ.

ವಯರಿನ ಪಂಪು ಓಡಿಸುವಾಗ ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಕಾರಿನ ಬ್ಯಾಟರಿ ಇಳಿಯುತ್ತದೆ. ಆದರೆ ಅದನ್ನು ಬಯಲಲ್ಲಿ ಮಾಡಿ. ಮುಚ್ಚಿದ ಪಾರ್ಕಿಂಗಿನಲ್ಲಿ ಎಂಜಿನ್ ಹೊಗೆ ಪ್ರಾಣಕ್ಕೆ ಸಂಚು. ಪೈಪಿನ ತುದಿಯ ಹಿತ್ತಾಳೆ ಭಾಗ ಸುಡುವಷ್ಟು ಕಾಯುತ್ತದೆ, ಬಟ್ಟೆ ಹಿಡಿದು ತೆಗೆಯಿರಿ. ಪುಸ್ತಕದಲ್ಲಿ ಹತ್ತು ನಿಮಿಷ ಅಂತ ಇದ್ದರೆ ಹತ್ತಕ್ಕೆ ನಿಲ್ಲಿಸಿ ಆರಲು ಬಿಡಿ.

ಪಂಪು ಪಂಚರ್ ವಾಸಿ ಮಾಡುವುದಿಲ್ಲ, ಇದನ್ನು ಮರೆಯಬೇಡಿ. ಚಪ್ಪಟೆಯಾದ ಟಯರಿನಲ್ಲಿ ಸ್ವಲ್ಪ ದೂರ ಓಡಿಸಿದ್ದರೂ ಗಾಳಿ ತುಂಬಿ ಮುಂದೆ ಹೋಗಬೇಡಿ. ಒಳಗಿನ ಬದಿ ಸತ್ತಿರಬಹುದು. ಹೈವೇಯ ತುರ್ತು ಲೇನಿನಲ್ಲಿ ಕೂತು ಗಾಳಿ ಹೊಡೆಯುವುದೂ ಬೇಡ. ಅಲ್ಲಿ ಜೀವ ಹೋದ ಸುದ್ದಿ ಎಷ್ಟು ಓದಿಲ್ಲ? ದೀಪ ಹಾಕಿ, ಕಬ್ಬಿಣದ ತಡೆಯ ಆಚೆ ನಿಂತು ಹೈವೇಯವರ ಸಹಾಯಕ್ಕೆ ಫೋನ್ ಮಾಡಿ.

ಮನೆ ಬಳಕೆಗೆ ಬಂದರೆ, ಮಕ್ಕಳ ಸೈಕಲ್ ಟಯರಿನ ಬದಿಯಲ್ಲಿ ಬರೆದ ಅಂಕೆ ನೋಡಿ ಹಾಕಿ. ತೆಳು ಟಯರಿನ ಸೈಕಲ್ಲಿಗೆ ಸಪೂರ ವಾಲ್ವ್ ಇರುತ್ತದೆ, ಅದಕ್ಕೆ ಬೇರೆ ಮೂತಿ ಬೇಕು. ಫುಟ್‌ಬಾಲಿಗೆ 8.5ರಿಂದ 15.6 ಪಿಎಸ್‌ಐ ಸಾಕು. ನಮ್ಮ ಹುಡುಗರ ವಾಲಿಬಾಲಿಗೆ ನಾಲ್ಕೂವರೆಯ ಹತ್ತಿರ ಅಷ್ಟೇ. ಪಂಪನ್ನು ಒಂದೊಂದು ಸೆಕೆಂಡು ಒತ್ತಿ ಬಿಡಿ, ಇಲ್ಲದಿದ್ದರೆ ಚೆಂಡು ಪಟಾಕಿ. ಬ್ಯಾಟರಿ ಪಂಪನ್ನು ಊರಿಗೆ ಒಯ್ಯುವವರು ಹ್ಯಾಂಡ್ ಬ್ಯಾಗಿನಲ್ಲೇ ಇಡಿ, ಏರ್‌ಲೈನಿನವರ ನಿಯಮ ಮೊದಲೇ ಕೇಳಿ. 100 ವಾಟ್-ಅವರ್ ದಾಟಿದರೆ ಅವರ ಅನುಮತಿ ಬೇಕು.

ಈಗ ನಮ್ಮ ಮನೆಯಲ್ಲಿ ಒಂದು ಸಣ್ಣ ಪುಸ್ತಕ ಉಂಟು. ಪ್ರತಿ ತಿಂಗಳ ಮೊದಲ ಶನಿವಾರ ಕೆರೆ ಕಡೆ ಹೊರಡುವ ಮೊದಲು ಐದು ಚಕ್ರದ ಲೆಕ್ಕ ಬರೆಯುತ್ತೇನೆ, ಸ್ಟೆಪ್ನಿ ಸೇರಿ ಐದು. ತಿಂಗಳಿಗೆ ಒಂದೆರಡು ಪಿಎಸ್‌ಐ ಇಳಿಯುವುದು ಸಹಜ. ಹೋದ ವರ್ಷ ಒಂದು ಚಕ್ರ ಮಾತ್ರ ಹತ್ತೇ ದಿನಕ್ಕೆ ನಾಲ್ಕು ಇಳಿಯಿತು. ಸಾಬೂನು ನೀರು ಹಾಕಿ ನೋಡಿದರೆ ಮೊಳೆ! ಎರಡು ದಿನ ಬಿಟ್ಟು ಮಕ್ಕಳನ್ನು ಕೂರಿಸಿಕೊಂಡು ಪೆನಾಂಗಿಗೆ ಹೊರಡುವವರಿದ್ದೆವು. ಪುಸ್ತಕ ಇಲ್ಲದಿದ್ದರೆ ಆ ಮೊಳೆಯೂ ನಮ್ಮ ಜೊತೆ ಬರುತ್ತಿತ್ತು.

ಒಂದೇ ರೂಮಿನಲ್ಲಿ ನಾಲ್ಕು ಜನ ಇರುವ ತಮ್ಮಂದಿರು ಸೇರಿ ಒಂದು ಪಂಪು ತಗೊಳ್ಳಿ, ತಲೆಗೆ ಮೂವತ್ತು ರಿಂಗಿಟ್ ಸಹ ಬೀಳುವುದಿಲ್ಲ. ಪರದೇಶದಲ್ಲಿ ಊರಿಂದ ರಾತ್ರಿ ಫೋನು ಬರುವುದನ್ನು ನಮ್ಮಿಂದ ತಡೆಯಲು ಆಗುವುದಿಲ್ಲ. ಫೋನು ಬಂದಾಗ ಗಾಡಿ ಹೊರಡುವ ಹಾಗೆ ಇಟ್ಟುಕೊಳ್ಳಲು ಆಗುತ್ತದೆ.

ಅಪ್ಪ ಈಗ ಹುಷಾರಿದ್ದಾರೆ. ಆಸ್ಪತ್ರೆಯಿಂದ ಬಂದ ಮೇಲೆ ಪಿಬಿಯ ಕತೆ ಫೋನಿನಲ್ಲಿ ಹೇಳಿದ್ದೆ. "ಹಾಗಾದರೆ ನೀನು ನಮ್ಮ ಮರದ ತವರಿನಲ್ಲಿ ಇದ್ದಿ ಅನ್ನು" ಅಂದರು. ಮುಂದಿನ ಸಲ ಪುತ್ರಜಯಾಕ್ಕೆ ಬಂದಾಗ ಕೆಳಗಿನ ಮನೆಯ ಅಣ್ಣನವರ ಜೊತೆ ಕೂತು ಒಂದು ಚಾ ಕುಡಿಯಬೇಕಂತೆ.