ಮೀನಿನ ತೊಟ್ಟಿಗೆ ಯುವಿ ದೀಪ: ಬರೇ ವ್ಯಾಟ್ ನೋಡಿ ತರಬ್ಯಾಡ್ರಿ

ಬಣ್ಣದ ಮೀನಿನ ಫೋಟೋ ಹಾಕಿದ ಮ್ಯಾಲೆ ನಾಕೈದು ಮಂದಿ ಫೋನ್ ಮಾಡಿ, "ಯುವಿ ದೀಪ ಎಷ್ಟು ದೊಡ್ಡದು ತರಬೇಕ್ರಿ?" ಅಂತ ಕೇಳಿದ್ರಿ. ನಾ ತಪ್ಪಿದ್ದನ್ನೂ ಸೇರಿಸಿ ಬರೀತೀನಿ.

ನನ್ನ ಮಗ ಹಿತ್ತಲದಾಗ ಸಿಮೆಂಟ್ ತೊಟ್ಟಿ ಕಟ್ಟಿಸಿ ಕೋಯಿ ಮೀನು ಬಿಟ್ಟಾನ. ಬ್ಯಾಸಗಿ ಬಂದ್ಕೂಡಲೆ ಪಾಚಿ ಬೆಳದು ನೀರು ಹಚ್ಚಹಸಿರಾತು. ಹುಬ್ಬಳ್ಳಿಯಿಂದ ಬಂದ ವ್ಯಾಪಾರಿ, "ಮೀನ ಕಾಣವಲ್ವು, ಏನ್ ನೋಡಿ ರೇಟ್ ಹೇಳ್ಲಿ?" ಅಂದು ಹೊಳ್ಳಿ ಹೋದ. ಮೂರು ದಿನದ ಮ್ಯಾಲೆ ನಸಿಕ್ನ್ಯಾಗ ಹನ್ನೊಂದು ಮೀನು ಸತ್ತು ತೇಲಾಡಿದ್ವು. ಪಾಚಿ ರಾತ್ರಿ ನೀರಾಗಿನ ಆಕ್ಸಿಜನ್ ತಾನೇ ತಗೋತೈತಿ ಅನ್ನೋದು ಆಮ್ಯಾಲೆ ತಿಳೀತು.

ಗಡಿಬಿಡಿಯೊಳಗ 9 ವ್ಯಾಟಿನ ದೀಪ ತಂದೆ. ತಿಂಗಳಾದ್ರೂ ನೀರು ಹಂಗs ಹಸಿರು. ಮಗ ಡಬ್ಬಿ ಹೊಳ್ಳಿಸಿ ಸಣ್ಣ ಅಕ್ಷರ ಓದಿದ: "ಅಪ್ಪಾ, ಗಂಟೆಗೆ 1,500 ಲೀಟರ್‌ಗಿಂತ ಹೆಚ್ಚು ನೀರು ಹಾಯಿಸಬಾರದು ಅಂತೈತಿ." ನಮ್ಮ ಪಂಪಿನ ನೀರಿಗೆ ಬಕೆಟ್ ಹಿಡಿದ್ವಿ. 20 ಲೀಟರಿನ ಬಕೆಟ್ 14 ಸೆಕೆಂಡಿಗೆ ತುಂಬಿತು. ಅಂದ್ರ ಗಂಟೆಗೆ 5,000 ಲೀಟರ್ ಮ್ಯಾಲೆ!

ಸ್ಪ್ರೇ ಪಂಪ್ ಬೆನ್ನಿಗೆ ಹಾಕ್ಕೊಂಡು ಓಡಿದ್ರ ಎಲಿಗೆ ಔಷಧ ಕೂಡತೈತೇನ್ರಿ? ಇದೂ ಹಂಗ. ದೀಪದ ಮುಂದ ನೀರು ಸಾವಕಾಶ ಹಾದ್ರಷ್ಟೇ ಪಾಚಿ ಸಾಯ್ತದ. ಹಂಗಂತ ಭಾಳ ನಿಧಾನ ಆದ್ರೂ ನಡಿಯೂದಿಲ್ಲ, ಪಾಚಿ ಅದಕ್ಕಿಂತ ಜೋರು ಬೆಳೀತದ.

ಲೆಕ್ಕ ಹಿಂಗ ಹಾಕ್ರಿ. ಉದ್ದ, ಅಗಲ, ನೀರಿನ ಆಳ ಅಡಿ ಲೆಕ್ಕದಾಗ ಗುಣಿಸಿ, ಬಂದದ್ದನ್ನ 28.3ರಿಂದ ಗುಣಿಸಿದ್ರ ಲೀಟರ್ ಸಿಗ್ತದ. ನಮ್ದು 12 × 6 × 2.5 ಅಡಿ, ಸುಮಾರು 5,000 ಲೀಟರ್. ಇಷ್ಟೂ ನೀರು ಒಂದೆರಡು ಗಂಟೆಯೊಳಗ ಒಮ್ಮೆ ದೀಪದ ಮುಂದ ಹಾಯಬೇಕು. ಅದಕ್ಕ ಗಂಟೆಗೆ 3,000 ಲೀಟರ್ ತಡಕೊಳ್ಳೋ 18 ವ್ಯಾಟಿನದು ತಂದು, ವಾಲ್ವ್ ತಿರುವಿ ಬಕೆಟ್ 24 ಸೆಕೆಂಡಿಗೆ ತುಂಬೋ ಹಂಗ ಮಾಡಿದ್ವಿ. ಎರಡು ವಾರದಾಗ ತೊಟ್ಟಿ ತಳ ಕಂಡಿತು.

ರೋಗದ ಜೀವಿಗಳಿಗೆ ಪಾಚಿಗಿಂತ ಹೆಚ್ಚು ಬೆಳಕು ಬೇಕು. ಅದಕ್ಕಂದ್ರ ಇನ್ನೂ ದೊಡ್ಡ ದೀಪ ಇಲ್ಲಾ ಇನ್ನೂ ನಿಧಾನ ನೀರು. ಆದ್ರ ಮೀನಿನ ಮೈಗೆ ಹತ್ತಿದ ರೋಗಕ್ಕ ಇದು ಔಷಧ ಅಲ್ಲ.

ಮತ್ತ ನಾಕು ಮಾತು. ಸತ್ತ ಪಾಚಿ ಕೊಳಿಯುವಾಗಲೂ ಆಕ್ಸಿಜನ್ ಕಡಿಮಿ ಆಗ್ತದ, ಗಾಳಿ ಪಂಪ್ ಬಂದ್ ಮಾಡಬ್ಯಾಡ್ರಿ. ಬೋರ್ ನೀರಾದ್ರ ದೀಪದ ಗಾಜಿನ ಕೊಳವಿ ಮ್ಯಾಲೆ ಬಿಳಿ ಸುಣ್ಣ ಕೂಡತದ, ಕರೆಂಟ್ ತಗದು ಒರಸ್ರಿ. ಉರಿಯೋ ದೀಪ ಬರಿಗಣ್ಣಿಲೆ ನೋಡಬ್ಯಾಡ್ರಿ. ದಿನವಿಡೀ ಉರಿಸಿದ್ರ ವರ್ಷಕ್ಕೊಮ್ಮೆ ಬದಲಿಸ್ರಿ, ಬೆಳಕು ಕಂಡ್ರೂ ಶಕ್ತಿ ಇಳಿದಿರತದ.

ಕೃಷಿ ಹೊಂಡದಾಗ ರೋಹು, ಕಾಟ್ಲಾ ಬಿಟ್ಟವರು ಇದರ ಗೊಡವಿಗೆ ಹೋಗಬ್ಯಾಡ್ರಿ. ಅಲ್ಲಿ ತಿಳಿ ಹಸಿರು ನೀರಂದ್ರ ಅವಕ್ಕ ಊಟ.

ದೀಪ ತರೂಕಿಂತ ಮೊದ್ಲ ಬಕೆಟ್ ಹಿಡೀರಿ. ನಿಮ್ಮ ತೊಟ್ಟಿ ಅಳತಿ ಕೆಳಗ ಬರದ್ರ ಕೂಡಿ ಲೆಕ್ಕ ಹಾಕೋಣ.